ಹವಾಮಾನಕ್ಕೆ ಲೆಕ್ಕ ಕಲಿಸಿದ ಮೇಷ್ಟ್ರು: ವಿಲ್ಹೆಲ್ಮ್ ಬ್ಯರ್ಕ್ನೆಸ್

ಸುವರ್ಣ ಮಹೋತ್ಸವದ ಸ್ಮರಣ ಸಂಚಿಕೆಗೆ ಒಬ್ಬ ವಿಜ್ಞಾನಿಯ ಜೀವನ ಪರಿಚಯ ಬರೆದುಕೊಡಬೇಕೆಂದು ಸಂಪಾದಕ ಮಂಡಳಿಯವರು ಕೇಳಿದರು. ಸರ್ ಎಂ. ವಿಶ್ವೇಶ್ವರಯ್ಯ, ಸಿ. ವಿ. ರಾಮನ್ ಮೊದಲಾದವರ ಬಗ್ಗೆ ಬೇರೆಯವರು ಬರೆದೇ ಬರೆಯುತ್ತಾರೆ. ಈ ಶಾಲೆಯಲ್ಲಿ ಹಲವು ವರ್ಷ ಸಮಾಜ ವಿಜ್ಞಾನ ಪಾಠ ಮಾಡಿದ ನನಗೆ, ನಮ್ಮ ಮಕ್ಕಳು ಹೆಸರೇ ಕೇಳದ ಒಬ್ಬ ದೊಡ್ಡ ಮನುಷ್ಯನನ್ನು ಪರಿಚಯಿಸಬೇಕೆನ್ನಿಸಿತು. ಭೂಗೋಳದ ಪುಸ್ತಕಗಳಲ್ಲಿ ವಾಯುರಾಶಿ, ಆವರ್ತ ಮಾರುತ ಎಂಬ ಮಾತುಗಳು ಬರುತ್ತವೆ. ದೂರದರ್ಶನದ ನಕ್ಷೆಯಲ್ಲಿ ವಾಯುಭಾರ ಕುಸಿತ ತೋರಿಸುತ್ತಾರೆ, ನಾಳೆ ಮಳೆ ಎನ್ನುತ್ತಾರೆ. ಆ ಮಾತಿನ ಹಿಂದೆ ಯಾರ ದುಡಿಮೆ ಇದೆ ಎಂದು ಹುಡುಕುತ್ತ ಹೋದರೆ ನಾವು ನಾರ್ವೆ ದೇಶದ ವಿಲ್ಹೆಲ್ಮ್ ಬ್ಯರ್ಕ್ನೆಸ್ ಎಂಬ ಒಬ್ಬ ಅಧ್ಯಾಪಕರ ಮನೆ ಬಾಗಿಲಿಗೆ ಬಂದು ನಿಲ್ಲುತ್ತೇವೆ.

ಅವರನ್ನು ಆರಿಸಿಕೊಳ್ಳಲು ಇನ್ನೊಂದು ಕಾರಣವೂ ಇದೆ. ಅವರು ತಮ್ಮ 42ನೆಯ ವಯಸ್ಸಿನಲ್ಲಿ ಒಂದು ಗುರಿಯನ್ನು ಹಾಕಿಕೊಂಡರು. ಆ ಗುರಿಯನ್ನು ಅವರೊಬ್ಬರೇ ಮುಟ್ಟಲಿಲ್ಲ. ಅವರು ಬೆಳೆಸಿದ ಹುಡುಗರು, ಆ ಹುಡುಗರಿಂದ ಕಲಿತವರು ಅದನ್ನು ಮುಟ್ಟಿದರು. ಶಾಲೆಯೊಂದು 50 ವರ್ಷ ತುಂಬಿಸಿಕೊಂಡ ಹೊತ್ತಿನಲ್ಲಿ ನೆನೆಯುವುದಕ್ಕೆ ಇಂಥ ಜೀವನ ತಕ್ಕದ್ದು ಎಂದು ನಾನು ತಿಳಿದಿದ್ದೇನೆ.

ತಂದೆಯ ಪ್ರಯೋಗಶಾಲೆ

ವಿಲ್ಹೆಲ್ಮ್ ಬ್ಯರ್ಕ್ನೆಸ್ 1862ರ ಮಾರ್ಚ್ 14ರಂದು ನಾರ್ವೆಯ ರಾಜಧಾನಿ ಕ್ರಿಸ್ಟಿಯಾನಿಯಾದಲ್ಲಿ ಜನಿಸಿದರು. ಇಂದು ಆ ಊರಿನ ಹೆಸರು ಓಸ್ಲೊ. ತಂದೆ ಕಾರ್ಲ್ ಆಂಟನ್ ಬ್ಯರ್ಕ್ನೆಸ್ ಅಲ್ಲಿನ ವಿಶ್ವವಿದ್ಯಾಲಯದಲ್ಲಿ ಗಣಿತದ ಪ್ರಾಧ್ಯಾಪಕರು. ಅವರಿಗೆ ಒಂದೇ ಹಂಬಲ. ನೀರಿನಲ್ಲಿ ಮುಳುಗಿಸಿದ ಎರಡು ಗೋಳಗಳು ತಾಳಬದ್ಧವಾಗಿ ಉಬ್ಬುತ್ತ ಕುಗ್ಗುತ್ತ ಇದ್ದರೆ ಅವು ಒಂದನ್ನೊಂದು ಸೆಳೆಯುತ್ತವೆ. ತಾಳ ಎದುರಾದರೆ ದೂರ ತಳ್ಳುತ್ತವೆ. ವಿದ್ಯುತ್ತು ಮತ್ತು ಅಯಸ್ಕಾಂತದ ಬಲಗಳೂ ಹೀಗೆಯೇ ಯಾವುದೋ ಮಾಧ್ಯಮದ ಮೂಲಕ ಕೆಲಸ ಮಾಡುತ್ತಿರಬೇಕೆಂದು ಅವರ ಊಹೆ.

ತಂದೆ ಲೆಕ್ಕ ಹಾಕುತ್ತಿದ್ದರು, ಹುಡುಗ ಪ್ರಯೋಗದ ಉಪಕರಣಗಳಲ್ಲಿ ನೆರವಾಗುತ್ತಿದ್ದ. 1881ರಲ್ಲಿ ಪ್ಯಾರಿಸ್ಸಿನಲ್ಲಿ ಅಂತರರಾಷ್ಟ್ರೀಯ ವಿದ್ಯುತ್ ಪ್ರದರ್ಶನ ನಡೆದಾಗ ಅಪ್ಪ ಮಗ ಇಬ್ಬರೂ ಅಲ್ಲಿಗೆ ಹೋಗಿ ಈ ಪ್ರಯೋಗಗಳನ್ನು ಮಾಡಿ ತೋರಿಸಿದರು. ಗೌರವ ಡಿಪ್ಲೊಮಾ ದೊರೆಯಿತು. ಆಗ ವಿಲ್ಹೆಲ್ಮ್‌ಗೆ 19 ವರ್ಷ.

ತಂದೆಗೆ ತಮ್ಮ ಕೆಲಸ ಇನ್ನೂ ಸರಿಯಾಗಬೇಕು, ಇನ್ನೂ ಪೂರ್ಣವಾಗಬೇಕು ಎಂಬ ಮನಸ್ಸು. ಬರೆದದ್ದನ್ನು ಪ್ರಕಟಿಸಲು ಹಿಂಜರಿಯುತ್ತಿದ್ದರು. ವರ್ಷಗಳು ಕಳೆದಂತೆ ಜಗತ್ತಿನ ಭೌತವಿಜ್ಞಾನಿಗಳಿಂದ ದೂರವಾಗಿ ಒಂಟಿಯಾದರು. ಮಗನಿಗೆ ತಂದೆಯ ಮೇಲೆ ಪ್ರೀತಿ ಗೌರವ ಎರಡೂ ಇತ್ತು. ಆದರೆ ತಾನೂ ಅದೇ ಕೋಣೆಯಲ್ಲಿ ಉಳಿದರೆ ತನ್ನ ಬಾಳೂ ಅಲ್ಲಿಗೇ ನಿಲ್ಲುತ್ತದೆಂದು ಅವರಿಗೆ ಅರ್ಥವಾಯಿತು. ಸ್ನಾತಕೋತ್ತರ ಪದವಿ ಮುಗಿಸಿ ಅವರು ಮನೆ ಬಿಟ್ಟರು. ಹಾಗೆಂದು ತಂದೆಯ ಋಣವನ್ನು ಮರೆಯಲಿಲ್ಲ. ಮುಂದೆ ತಂದೆಯ ಸಿದ್ಧಾಂತವನ್ನೆಲ್ಲ ಒಟ್ಟುಗೂಡಿಸಿ 1900ರಿಂದ 1902ರ ನಡುವೆ ಎರಡು ಸಂಪುಟಗಳಲ್ಲಿ ಪ್ರಕಟಿಸಿದರು. 1903ರಲ್ಲಿ ತಂದೆ ಕಣ್ಣು ಮುಚ್ಚುವ ಮುನ್ನ ಅವರ ಜೀವಮಾನದ ಕೆಲಸ ಅಚ್ಚಾಗಿತ್ತು.

ಸಮುದ್ರದ ಗಾಳಿ ಏಕೆ ಏಳುತ್ತದೆ?

1889ರಲ್ಲಿ ಪ್ಯಾರಿಸ್ಸಿಗೆ ಹೋದ ವಿಲ್ಹೆಲ್ಮ್ ಅಲ್ಲಿ ಮಹಾಗಣಿತಜ್ಞ ಆನ್ರಿ ಪ್ವಾಂಕರೆ ಅವರ ಉಪನ್ಯಾಸಗಳನ್ನು ಕೇಳಿದರು. ನಂತರ ಜರ್ಮನಿಯ ಬಾನ್ ನಗರದಲ್ಲಿ ಹೈನ್ರಿಚ್ ಹರ್ಟ್ಸ್ ಅವರ ಸಹಾಯಕರಾದರು. ವಿದ್ಯುದಯಸ್ಕಾಂತೀಯ ಅಲೆಗಳನ್ನು ಪ್ರಯೋಗದಿಂದ ತೋರಿಸಿಕೊಟ್ಟ ಹರ್ಟ್ಸ್ ಅವರೇ. ವಿಲ್ಹೆಲ್ಮ್ ಅಲ್ಲಿ ವಿದ್ಯುತ್ ಅನುರಣನದ ಬಗ್ಗೆ ಮಾಡಿದ ಕೆಲಸ ಮುಂದೆ ರೇಡಿಯೋ ಬೆಳವಣಿಗೆಗೆ ಉಪಯೋಗವಾಯಿತು. 1893ರಲ್ಲಿ ಸ್ವೀಡನ್ನಿನ ಸ್ಟಾಕ್‌ಹೋಮಿನಲ್ಲಿ ಉಪನ್ಯಾಸಕರಾದರು, 1895ರಲ್ಲಿ ಪ್ರಾಧ್ಯಾಪಕರಾದರು. 1893ರಲ್ಲೇ ಹೊನೋರಿಯಾ ಬೊನೆವಿ ಅವರನ್ನು ಮದುವೆಯಾದರು. ನಾಲ್ವರು ಗಂಡುಮಕ್ಕಳು ಹುಟ್ಟಿದರು. ಅವರಲ್ಲಿ 1897ರ ನವೆಂಬರ್ 2ರಂದು ಹುಟ್ಟಿದ ಯಾಕೋಬ್ ಈ ಕಥೆಯಲ್ಲಿ ಮತ್ತೆ ಬರುತ್ತಾನೆ.

ಸ್ಟಾಕ್‌ಹೋಮಿನಲ್ಲಿ ವಿಲ್ಹೆಲ್ಮ್ ತಂದೆಯ ಗೋಳಗಳ ಲೆಕ್ಕವನ್ನೇ ಮುಂದುವರಿಸುತ್ತಿದ್ದಾಗ ಒಂದು ತೊಡಕು ಎದುರಾಯಿತು. ಅಲ್ಲಿಯವರೆಗಿನ ದ್ರವಚಲನ ಶಾಸ್ತ್ರದಲ್ಲಿ ಹೆಲ್ಮ್‌ಹೋಲ್ಟ್ಸ್ ಮತ್ತು ಕೆಲ್ವಿನ್ ಅವರ ನಿಯಮ ನಡೆಯುತ್ತಿತ್ತು. ಘರ್ಷಣೆ ಇಲ್ಲದ ದ್ರವದಲ್ಲಿ ಸುಳಿ ಹೊಸದಾಗಿ ಹುಟ್ಟುವುದಿಲ್ಲ, ಇರುವ ಸುಳಿ ಸಾಯುವುದೂ ಇಲ್ಲ ಎಂಬುದು ಅದರ ತಿರುಳು. ಆದರೆ ಅದು ಸಾಂದ್ರತೆಯು ಒತ್ತಡವೊಂದನ್ನೇ ಅವಲಂಬಿಸಿದ ದ್ರವಕ್ಕೆ ಮಾತ್ರ ಸರಿ. ನಿಜವಾದ ಗಾಳಿ ಹಾಗಲ್ಲ. ಅದು ಬಿಸಿಯಾದರೂ ಹಗುರಾಗುತ್ತದೆ, ಅದರಲ್ಲಿ ನೀರಾವಿ ಸೇರಿದರೂ ಹಗುರಾಗುತ್ತದೆ. ಒಂದೇ ಒತ್ತಡದಲ್ಲಿ ಒಂದು ಕಡೆ ಹಗುರವಾದ ಗಾಳಿ, ಇನ್ನೊಂದು ಕಡೆ ಭಾರವಾದ ಗಾಳಿ ಇದ್ದರೆ ಅಲ್ಲಿ ಸುತ್ತು ಹುಟ್ಟಲೇಬೇಕು. ಆ ಸುತ್ತಿನ ವೇಗ ಎಷ್ಟು ಹೆಚ್ಚುತ್ತದೆಂದು ಲೆಕ್ಕ ಹಾಕುವ ಸೂತ್ರವನ್ನು ವಿಲ್ಹೆಲ್ಮ್ ಕೊಟ್ಟರು. 1898ರಲ್ಲಿ ಅದು ಪ್ರಕಟವಾಯಿತು.

ನಾನು ತರಗತಿಯಲ್ಲಿ ಇದನ್ನು ನಮ್ಮ ಕರಾವಳಿಯ ಉದಾಹರಣೆಯಿಂದಲೇ ಹೇಳುತ್ತಿದ್ದೆ. ಕಾರವಾರದಲ್ಲೋ ಮಂಗಳೂರಿನಲ್ಲೋ ಮಧ್ಯಾಹ್ನದ ಬಿಸಿಲಿಗೆ ನೆಲ ಬೇಗ ಕಾಯುತ್ತದೆ, ಕಡಲು ಅಷ್ಟು ಬೇಗ ಕಾಯುವುದಿಲ್ಲ. ನೆಲದ ಮೇಲಿನ ಹಗುರ ಗಾಳಿ ಮೇಲೇಳುತ್ತದೆ, ಕಡಲ ಮೇಲಿನ ತಂಪು ಗಾಳಿ ಆ ಜಾಗಕ್ಕೆ ನುಗ್ಗುತ್ತದೆ. ರಾತ್ರಿ ಇದು ತಿರುಗುಮುರುಗಾಗುತ್ತದೆ. ಮೀನುಗಾರರಿಗೆ ತಲೆತಲಾಂತರದಿಂದ ಗೊತ್ತಿದ್ದ ಈ ಸಂಗತಿಗೆ ಬ್ಯರ್ಕ್ನೆಸ್ ಅವರ ಸೂತ್ರದಲ್ಲಿ ಲೆಕ್ಕ ಸಿಕ್ಕಿತು.

ಸೂತ್ರ ಬಂದ ಕಾಲವೂ ಅದಕ್ಕೆ ಕೂಡಿ ಬಂತು. 1897ರಲ್ಲಿ ಸ್ವೀಡನ್ನಿನ ಆಂದ್ರೆ ಎಂಬ ಸಾಹಸಿ ಇಬ್ಬರು ಸಂಗಡಿಗರೊಡನೆ ಬಲೂನಿನಲ್ಲಿ ಉತ್ತರ ಧ್ರುವಕ್ಕೆ ಹೊರಟು ಹಿಂತಿರುಗಲೇ ಇಲ್ಲ. ಅದರ ಹಿಂದಿನ ವರ್ಷದ ಪ್ರಯತ್ನದಲ್ಲಿ ಜೊತೆಗಿದ್ದು ಆಮೇಲೆ ಹಿಂದೆ ಸರಿದ ಹವಾಮಾನ ತಜ್ಞ ನಿಲ್ಸ್ ಎಕ್‌ಹೋಮ್ ಬ್ಯರ್ಕ್ನೆಸ್ ಅವರ ಸ್ನೇಹಿತ. ಮೇಲಿನ ಗಾಳಿ ಎತ್ತ ಬೀಸುತ್ತದೆಂದು ತಿಳಿಯುವುದು ಜೀವನ್ಮರಣದ ಪ್ರಶ್ನೆ ಎಂದು ಎಲ್ಲರಿಗೂ ಮನವರಿಕೆಯಾಗಿತ್ತು. ಕಾಗದದ ಮೇಲಿನ ಗಣಿತ ಆಕಾಶಕ್ಕೂ ಕಡಲಿಗೂ ಅನ್ವಯಿಸುತ್ತದೆಂದು ಸ್ನೇಹಿತರು ತೋರಿಸಿಕೊಟ್ಟಾಗ ಬ್ಯರ್ಕ್ನೆಸ್ ಅವರ ಬಾಳಿನ ದಿಕ್ಕೇ ಬದಲಾಯಿತು.

ಏಳು ಪ್ರಶ್ನೆ, ಏಳು ಸಮೀಕರಣ

ಆಗಿನ ಹವಾಮಾನ ಮುನ್ಸೂಚನೆ ಬಹುಮಟ್ಟಿಗೆ ಅನುಭವದ ವಿದ್ಯೆ. ತಂತಿಯ ಮೂಲಕ ಬೇರೆ ಬೇರೆ ಊರುಗಳಿಂದ ವಾಯುಭಾರದ ಅಂಕಿಗಳು ಬರುತ್ತಿದ್ದವು. ನಕ್ಷೆಯ ಮೇಲೆ ಸಮಭಾರ ರೇಖೆಗಳನ್ನು ಎಳೆಯುತ್ತಿದ್ದರು. ಹಿಂದೆ ಇಂಥ ನಕ್ಷೆ ಬಂದಾಗ ಏನಾಗಿತ್ತು ಎಂದು ನೆನಪಿಸಿಕೊಂಡು ನಾಳೆಯದನ್ನು ಹೇಳುತ್ತಿದ್ದರು. ಆಯಾ ಅಧಿಕಾರಿಯ ಅನುಭವ ಎಷ್ಟೋ ಮುನ್ಸೂಚನೆಯೂ ಅಷ್ಟೇ.

1904ರಲ್ಲಿ ಬ್ಯರ್ಕ್ನೆಸ್ ಒಂದು ಚಿಕ್ಕ ಲೇಖನ ಬರೆದರು. ಗ್ರಹಣ ಯಾವ ದಿನ ಎಂದು ಖಗೋಳಶಾಸ್ತ್ರಜ್ಞರು ಲೆಕ್ಕ ಹಾಕಿ ಹೇಳುವ ಹಾಗೆ ನಾಳೆಯ ಹವಾಮಾನವನ್ನೂ ಲೆಕ್ಕ ಹಾಕಿಯೇ ಹೇಳಬಹುದು ಎಂಬುದು ಅದರ ಸಾರಾಂಶ. ಅದಕ್ಕೆ ಬೇಕಾದದ್ದು ಎರಡು. ಈ ಕ್ಷಣದಲ್ಲಿ ವಾಯುಮಂಡಲ ಹೇಗಿದೆ ಎಂಬುದು ಸಾಕಷ್ಟು ನಿಖರವಾಗಿ ಗೊತ್ತಿರಬೇಕು. ಒಂದು ಸ್ಥಿತಿಯಿಂದ ಮುಂದಿನ ಸ್ಥಿತಿಗೆ ಅದು ಹೇಗೆ ಸಾಗುತ್ತದೆ ಎಂಬ ನಿಯಮಗಳು ಗೊತ್ತಿರಬೇಕು. ಗಾಳಿಯ ಸ್ಥಿತಿಯನ್ನು ಹೇಳಲು ಏಳು ಅಂಶ ಸಾಕು: ಒತ್ತಡ, ಉಷ್ಣಾಂಶ, ಸಾಂದ್ರತೆ, ಆರ್ದ್ರತೆ ಮತ್ತು ಮೂರು ದಿಕ್ಕುಗಳಲ್ಲಿ ಗಾಳಿಯ ವೇಗ. ಇವಕ್ಕೆ ಏಳು ಸಮೀಕರಣಗಳೂ ಇವೆ: ಚಲನೆಯ ಮೂರು, ದ್ರವ್ಯರಾಶಿಯ ನಿತ್ಯತೆಯದು ಒಂದು, ಅನಿಲ ನಿಯಮ ಒಂದು, ಉಷ್ಣಗತಿ ವಿಜ್ಞಾನದ ನಿಯಮಗಳು ಎರಡು. ಗೊತ್ತಿಲ್ಲದ ಅಂಶಗಳು ಏಳು, ಸಮೀಕರಣಗಳು ಏಳು. ಬೀಜಗಣಿತ ಓದಿದ ನಮ್ಮ ಒಂಬತ್ತನೆಯ ತರಗತಿಯ ಮಕ್ಕಳಿಗೂ ಇದರ ತರ್ಕ ತಿಳಿಯುತ್ತದೆ.

ತರ್ಕ ಸುಲಭ, ಲೆಕ್ಕ ಮಾತ್ರ ಕಷ್ಟ. ಆ ಏಳು ಸಮೀಕರಣಗಳನ್ನು ಒಟ್ಟಿಗೆ ಬಿಡಿಸುವ ದಾರಿ ಆಗ ಇರಲಿಲ್ಲ. ಬ್ಯರ್ಕ್ನೆಸ್ ಅವರಿಗೂ ಇದು ಗೊತ್ತಿತ್ತು. 1905ರಲ್ಲಿ ಅಮೆರಿಕಕ್ಕೆ ಹೋಗಿ ಅವರು ತಮ್ಮ ಯೋಜನೆಯನ್ನು ವಿವರಿಸಿದಾಗ ವಾಷಿಂಗ್ಟನ್ನಿನ ಕಾರ್ನೆಗಿ ಸಂಸ್ಥೆ ಧನಸಹಾಯ ಕೊಡಲು ಒಪ್ಪಿತು. 1906ರಲ್ಲಿ ಆರಂಭವಾದ ಆ ನೆರವು 1941ರವರೆಗೂ ನಡೆಯಿತು. ಆ ಹಣದಲ್ಲಿ ಅವರು ತರುಣ ಸಹಾಯಕರನ್ನು ಇಟ್ಟುಕೊಂಡರು. ಒಬ್ಬ ಹೋದರೆ ಇನ್ನೊಬ್ಬ ಬರುತ್ತಿದ್ದ. ಹಾರಲ್ಡ್ ಸ್ವೆರ್‌ಡ್ರುಪ್, ಥಿಯೋಡೊರ್ ಹೆಸ್ಸೆಲ್‌ಬರ್ಗ್, ಹಾಲ್ವರ್ ಸೊಲ್‌ಬರ್ಗ್ ಹೀಗೆ ಬಂದವರೆಲ್ಲ ಮುಂದೆ ತಾವೇ ದೊಡ್ಡ ವಿಜ್ಞಾನಿಗಳಾದರು.

ಯುದ್ಧ ಬಂತು

1907ರಲ್ಲಿ ತಾಯ್ನಾಡಿಗೆ ಮರಳಿದ ಬ್ಯರ್ಕ್ನೆಸ್ 1913ರಲ್ಲಿ ಜರ್ಮನಿಯ ಲೈಪ್‌ಜಿಗ್‌ಗೆ ಹೊಸ ಭೂಭೌತ ಸಂಸ್ಥೆಯ ನಿರ್ದೇಶಕರಾಗಿ ಹೋದರು. ಯುರೋಪಿನ ಆಕಾಶದ ಎಲ್ಲ ಎತ್ತರಗಳ ಅಳತೆಗಳನ್ನು ಒಟ್ಟುಮಾಡಿ ನಕ್ಷೆ ಬರೆಯುವ ಕೆಲಸ ಅಲ್ಲಿ ನಡೆಯಿತು. ಮರುವರ್ಷವೇ ಮಹಾಯುದ್ಧ. ಜರ್ಮನ್ ವಿದ್ಯಾರ್ಥಿಗಳು ಒಬ್ಬೊಬ್ಬರಾಗಿ ಸೈನ್ಯಕ್ಕೆ ಹೋದರು. ಗಾಳಿಯ ಬಾಣಗುರುತುಗಳು ಎರಡೂ ಕಡೆಯಿಂದ ಬಂದು ಕೂಡುವ ಗೆರೆಗಳ ಬಗ್ಗೆ ಹರ್ಬರ್ಟ್ ಪೆಟ್ಸೋಲ್ಡ್ ಎಂಬ ವಿದ್ಯಾರ್ಥಿ ಸಂಶೋಧನೆ ನಡೆಸಿದ್ದ. 1916ರಲ್ಲಿ ವೆರ್ದಾನ್ ಕದನದಲ್ಲಿ ಅವನು ಸತ್ತುಹೋದ. ಅವನು ಅರ್ಧಕ್ಕೆ ಬಿಟ್ಟ ಕಾಗದಗಳನ್ನು ಕೈಗೆತ್ತಿಕೊಂಡವನು ಬ್ಯರ್ಕ್ನೆಸ್ ಅವರ ಮಗ ಯಾಕೋಬ್. ಅವನಿಗಾಗ ಇಪ್ಪತ್ತೂ ತುಂಬಿರಲಿಲ್ಲ. ವಾಯುಮುಂಚೂಣಿಯ ಕಥೆ ಆರಂಭವಾಗುವುದು ಸತ್ತ ಹುಡುಗನೊಬ್ಬನ ಆ ಕಾಗದಗಳಿಂದ. ಪಾಠ ಹೇಳುವಾಗ ನಾನು ಈ ಹೆಸರನ್ನು ತಪ್ಪದೆ ಹೇಳುತ್ತಿದ್ದೆ.

ಲೈಪ್‌ಜಿಗ್‌ನಲ್ಲಿ ಅನ್ನಕ್ಕೂ ಕಷ್ಟವಾಯಿತು, ಕೆಲಸಕ್ಕೆ ಜನವೂ ಉಳಿಯಲಿಲ್ಲ. ಧ್ರುವ ಸಂಶೋಧಕ ನಾನ್ಸೆನ್ ಮತ್ತು ಸಾಗರ ವಿಜ್ಞಾನಿ ಹೆಲಾಂಡ್ ಹಾನ್ಸೆನ್ ಅವರ ಪ್ರಯತ್ನದಿಂದ 1917ರಲ್ಲಿ ನಾರ್ವೆಯ ಪಶ್ಚಿಮ ಕರಾವಳಿಯ ಬರ್ಗೆನ್ ಊರಿನಲ್ಲಿ ಬ್ಯರ್ಕ್ನೆಸ್ ಅವರಿಗೆ ಹುದ್ದೆ ಸಿಕ್ಕಿತು. ಬೆಟ್ಟಗಳ ನಡುವಿನ ಬಂದರು ಅದು. ಕಡಲಿಂದ ಬರುವ ತೇವದ ಗಾಳಿ ಬೆಟ್ಟಕ್ಕೆ ತಾಗಿ ಮೇಲೇರಿ ವರ್ಷಕ್ಕೆ 2000 ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುತ್ತದೆ. ನಮ್ಮ ಮಲೆನಾಡಿನವರು ಬರ್ಗೆನ್ನಿಗೆ ಹೋದರೆ ಮಳೆಯ ಮಟ್ಟಿಗಾದರೂ ಪರಊರು ಎನ್ನಿಸಲಾರದು.

ನಾರ್ವೆ ಯುದ್ಧದಲ್ಲಿ ಸೇರಿರಲಿಲ್ಲ. ಆದರೂ ಯುದ್ಧದ ಬಿಸಿ ತಟ್ಟಿತ್ತು. ಹೊರಗಿಂದ ಬರುವ ಧಾನ್ಯ ಕಡಿಮೆಯಾಯಿತು. ಬೆಳೆದ ಕಾಳೆಲ್ಲ ಮನೆಗೆ ಬರಲೇಬೇಕು, ಕೊಯ್ದ ಹುಲ್ಲು ಮಳೆಗೆ ಸಿಕ್ಕಿ ಕೊಳೆಯಬಾರದು ಎನ್ನುವ ಪರಿಸ್ಥಿತಿ. ಅದೇ ಹೊತ್ತಿಗೆ ಹವಾಮಾನದ ಸುದ್ದಿಯೂ ನಿಂತುಹೋಗಿತ್ತು. ನಾರ್ವೆಯ ಹವಾಮಾನ ಪಶ್ಚಿಮದ ಕಡಲಿನಿಂದ ಬರುತ್ತದೆ. ಬ್ರಿಟನ್ನಿನ ತಂತಿ ಸುದ್ದಿ ಇಲ್ಲದೆ ಅದನ್ನು ಮುಂಚಿತವಾಗಿ ತಿಳಿಯುವುದು ಹೇಗೆ? ಶತ್ರುವಿಗೆ ಉಪಯೋಗವಾದೀತೆಂದು ಯುದ್ಧನಿರತ ದೇಶಗಳು ಹವಾಮಾನವನ್ನೂ ಗುಟ್ಟಾಗಿಟ್ಟಿದ್ದವು.

ಹೊಲ ಮತ್ತು ಕಡಲಿಗಾಗಿ

ಬ್ಯರ್ಕ್ನೆಸ್ ಅವರ ದೊಡ್ಡತನ ಕಾಣುವುದು ಈ ಘಟ್ಟದಲ್ಲಿ. ಆಗ ಅವರಿಗೆ 56 ವರ್ಷ. ಏಳು ಸಮೀಕರಣಗಳ ಮಹಾ ಯೋಜನೆ ಮುಗಿಯದೆ ಮೇಜಿನ ಮೇಲಿತ್ತು. ರೈತನಿಗೆ ಮಳೆ ಹೇಳುವುದು ಪ್ರಾಧ್ಯಾಪಕರ ಕೆಲಸವಲ್ಲ ಎಂದು ಸುಮ್ಮನಿರಬಹುದಿತ್ತು. ಅವರು ಹಾಗೆ ಮಾಡಲಿಲ್ಲ. ರೈತರಿಗೆ ಮುನ್ಸೂಚನೆ ಕೊಡುವ ಪ್ರಯೋಗ ಮಾಡಿ ನೋಡೋಣವೆಂದು ಸರ್ಕಾರದ ಮುಂದೆ ಹೋದರು. ಪ್ರಧಾನಿ ಗುನ್ನಾರ್ ಕ್ನುಡ್ಸೆನ್ ಒಪ್ಪಿದರು.

ಪಶ್ಚಿಮದ ಕಡಲಿನಿಂದ ಸುದ್ದಿ ಬಾರದಿದ್ದರೆ ನಮ್ಮ ಕಡಲಂಚಿನಲ್ಲೇ ಕಣ್ಣುಗಳನ್ನು ಹೆಚ್ಚಿಸಬೇಕು ಎಂದು ಬ್ಯರ್ಕ್ನೆಸ್ ಯೋಚಿಸಿದರು. ತಾವೇ ಕರಾವಳಿಯುದ್ದಕ್ಕೂ ಪ್ರವಾಸ ಹೋದರು. ದೀಪಸ್ತಂಭ ಕಾಯುವವರು, ಮೀನುಗಾರರು, ಜಲಾಂತರ್ಗಾಮಿ ನೌಕೆಗಳ ಮೇಲೆ ಕಣ್ಣಿಡಲು ಕೂತಿದ್ದ ಕಾವಲಿನವರು, ಹಳ್ಳಿಯ ರೈತರು ಹೀಗೆ ದಿನವೂ ಆಕಾಶ ನೋಡುವ ರೂಢಿಯಿದ್ದವರನ್ನು ಹುಡುಕಿ ವೀಕ್ಷಕರನ್ನಾಗಿ ಮಾಡಿದರು. ವೀಕ್ಷಣಾ ಕೇಂದ್ರಗಳು ಒಂದೇ ಬೇಸಗೆಯಲ್ಲಿ ಹಲವು ಪಟ್ಟು ಹೆಚ್ಚಿದವು. ಗಾಳಿಯ ದಿಕ್ಕು, ಮೋಡದ ಬಗೆ, ಮಳೆ ಆರಂಭವಾದ ಹೊತ್ತು ಎಲ್ಲವೂ ತಂತಿಯಲ್ಲಿ ಬರ್ಗೆನ್ನಿಗೆ ಬರತೊಡಗಿದವು. 1918ರ ಜುಲೈಯಲ್ಲಿ ಮುನ್ಸೂಚನೆ ಆರಂಭವಾಯಿತು. ಪಶ್ಚಿಮ ನಾರ್ವೆಯ ಹೊಣೆ ಇಪ್ಪತ್ತರ ಯಾಕೋಬ್ ಮೇಲೆ, ಪೂರ್ವದ ಹೊಣೆ ಇಪ್ಪತ್ಮೂರರ ಸೊಲ್‌ಬರ್ಗ್ ಮೇಲೆ. ದೇಶದ ಕೂಳಿನ ಪ್ರಶ್ನೆಯನ್ನು ಅಷ್ಟು ಚಿಕ್ಕ ಹುಡುಗರ ಕೈಗೆ ಕೊಟ್ಟ ಧೈರ್ಯವನ್ನು ನೋಡಿ.

ವೀಕ್ಷಣೆಗಳು ದಟ್ಟವಾದಾಗ, ಕೇಂದ್ರಗಳು ಅಲ್ಲೊಂದು ಇಲ್ಲೊಂದು ಇದ್ದಾಗ ಕಾಣದಿದ್ದದ್ದು ಕಣ್ಣಿಗೆ ಬಿತ್ತು. ಚಂಡಮಾರುತವೆಂದರೆ ನಡುವೆ ಒತ್ತಡ ಕಡಿಮೆಯಿರುವ ಒಂದು ದುಂಡನೆಯ ಸುಳಿ ಎಂದು ಎಲ್ಲರೂ ತಿಳಿದಿದ್ದರು. ಯಾಕೋಬ್ ನಕ್ಷೆಗಳಲ್ಲಿ ಕಂಡದ್ದು ಬೇರೆ. ಪ್ರತಿ ಸುಳಿಯ ನಡುವಿನಿಂದ ಎರಡು ಗೆರೆಗಳು ಹೊರಡುತ್ತಿದ್ದವು. ಆ ಗೆರೆಗಳ ಒಂದು ಪಕ್ಕ ಬೆಚ್ಚಗಿನ ಗಾಳಿ, ಇನ್ನೊಂದು ಪಕ್ಕ ತಣ್ಣನೆಯ ಗಾಳಿ. ಮಳೆ ಸುಳಿಯ ತುಂಬ ಬೀಳುವುದಿಲ್ಲ, ಬಹುಪಾಲು ಆ ಗೆರೆಗಳ ಅಕ್ಕಪಕ್ಕ ಪಟ್ಟಿಯಾಗಿ ಬೀಳುತ್ತದೆ. 1919ರಲ್ಲಿ ಕೆಲವೇ ಪುಟಗಳ ಲೇಖನವಾಗಿ ಇದು ಪ್ರಕಟವಾದಾಗ ಲೇಖಕನಿಗೆ 21 ವರ್ಷ.

ವಾಯುರಾಶಿ ಮತ್ತು ಮುಂಚೂಣಿ

ಮಕ್ಕಳಿಗಾಗಿ ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ಸಾವಿರಾರು ಕಿಲೋಮೀಟರ್ ಹರಡಿದ ಹಿಮದ ಬಯಲಿನ ಮೇಲೋ ಬೆಚ್ಚನೆಯ ಕಡಲಿನ ಮೇಲೋ ಗಾಳಿ ಬಹಳ ದಿನ ನಿಂತರೆ ಆ ಜಾಗದ ಗುಣ ಅದಕ್ಕೆ ಬರುತ್ತದೆ. ಹಿಮದ ಮೇಲಿನದು ತಣ್ಣಗೆ ಒಣಗಿರುತ್ತದೆ, ಕಡಲಿನ ಮೇಲಿನದು ಬೆಚ್ಚಗೆ ತೇವವಾಗಿರುತ್ತದೆ. ಹೀಗೆ ಒಂದೇ ಗುಣದ ಗಾಳಿಯ ದೊಡ್ಡ ಮೊತ್ತವೇ ವಾಯುರಾಶಿ. ಎರಡು ವಾಯುರಾಶಿಗಳು ಎದುರಾದರೆ ಹಾಲು ನೀರಿನಂತೆ ಕೂಡಲೇ ಬೆರೆಯುವುದಿಲ್ಲ. ನಡುವೆ ಒಂದು ಗಡಿ ನಿಲ್ಲುತ್ತದೆ. ದಿನಪತ್ರಿಕೆಗಳಲ್ಲಿ ಯುದ್ಧದ ಗಡಿರೇಖೆಗಳ ನಕ್ಷೆಗಳನ್ನು ನೋಡಿ ನೋಡಿ ರೂಢಿಯಾಗಿದ್ದ ಕಾಲವದು. ಬರ್ಗೆನ್ನಿನವರು ಈ ಗಡಿಗೂ ಅದೇ ಹೆಸರಿಟ್ಟರು: ಫ್ರಂಟ್, ಎಂದರೆ ಮುಂಚೂಣಿ.

ತರಗತಿಯಲ್ಲಿ ನಾನು ಇದಕ್ಕೆ ಗಾಜಿನ ತೊಟ್ಟಿ ಬಳಸುತ್ತಿದ್ದೆ. ನಡುವೆ ಒಂದು ತಡೆಹಲಗೆ, ಒಂದು ಕಡೆ ನೀಲಿ ಬಣ್ಣ ಹಾಕಿದ ತಣ್ಣೀರು, ಇನ್ನೊಂದು ಕಡೆ ಕೆಂಪು ಬಣ್ಣದ ಬಿಸಿನೀರು. ಹಲಗೆ ಎತ್ತಿದೊಡನೆ ನೀಲಿ ನೀರು ಬೆಣೆಯಂತೆ ತಳಕ್ಕೆ ನುಗ್ಗುತ್ತದೆ, ಕೆಂಪು ನೀರು ಅದರ ಬೆನ್ನ ಮೇಲೆ ಹತ್ತುತ್ತದೆ. ಆಕಾಶದಲ್ಲಿ ನಡೆಯುವುದೂ ಇದೇ. ಮೇಲೆ ಹತ್ತಿದ ಬೆಚ್ಚನೆಯ ಗಾಳಿ ತಣ್ಣಗಾಗುತ್ತದೆ, ಅದರ ನೀರಾವಿ ಮೋಡವಾಗುತ್ತದೆ, ಮಳೆಯಾಗುತ್ತದೆ. ಭಾರದ ಗಾಳಿ ಇಳಿದು ಹಗುರ ಗಾಳಿ ಏರುವಾಗ ಬಿಡುಗಡೆಯಾಗುವ ಶಕ್ತಿಯೇ ಬಿರುಗಾಳಿಗೆ ಬಲ ಕೊಡುತ್ತದೆ.

ಬೆಚ್ಚನೆಯ ಗಾಳಿ ಮುಂದೊತ್ತಿ ಬಂದರೆ ಅದು ಉಷ್ಣ ಮುಂಚೂಣಿ. ಅದರ ಇಳಿಜಾರು ಬಹಳ ಕಡಿಮೆ, ನೂರು ಕಿಲೋಮೀಟರ್ ದೂರಕ್ಕೆ ಸುಮಾರು ಒಂದು ಕಿಲೋಮೀಟರ್ ಏರಿಕೆ. ಆದ್ದರಿಂದ ಮಳೆ ಬರುವುದಕ್ಕೆ ಎಷ್ಟೋ ಗಂಟೆ ಮೊದಲೇ ಸೂಚನೆ ಸಿಗುತ್ತದೆ. ಮೊದಲು ಎತ್ತರದಲ್ಲಿ ಗರಿಯಂಥ ಮೋಡ, ಬಳಿಕ ಸೂರ್ಯನ ಸುತ್ತ ಬಳೆ, ಬಳಿಕ ಬೂದು ಮುಸುಕು, ಕೊನೆಗೆ ಜಡಿಮಳೆ. ತಣ್ಣನೆಯ ಗಾಳಿ ನುಗ್ಗಿ ಬಂದರೆ ಅದು ಶೀತ ಮುಂಚೂಣಿ. ಅದರ ಎದುರು ಮುಖ ಕಡಿದಾಗಿರುತ್ತದೆ. ದೈತ್ಯ ಮೋಡಗಳು, ಒಮ್ಮೆಲೇ ಬೀಸುವ ಬಿರುಗಾಳಿ, ಗುಡುಗು, ಜೋರು ಮಳೆ. ಗಾಳಿಯ ದಿಕ್ಕು ತಟ್ಟನೆ ತಿರುಗುತ್ತದೆ, ಉಷ್ಣಾಂಶ ಇಳಿಯುತ್ತದೆ, ಆಕಾಶ ತಿಳಿಯಾಗುತ್ತದೆ. ದೀಪಸ್ತಂಭದವನೊಬ್ಬ ಗಾಳಿ ತಿರುಗಿದ ಹೊತ್ತನ್ನು ತಂತಿಯಲ್ಲಿ ತಿಳಿಸಿದರೆ ಸಾಕು, ಆ ಗೆರೆ ಒಳನಾಡಿನ ಹೊಲವನ್ನು ಎಷ್ಟು ಹೊತ್ತಿಗೆ ಮುಟ್ಟುತ್ತದೆಂದು ಬರ್ಗೆನ್ನಿನಲ್ಲಿ ಕೂತು ಹೇಳಬಹುದಿತ್ತು. ಹುಲ್ಲು ಕೊಯ್ಯಬೇಕೋ ಬೇಡವೋ, ದೋಣಿ ಕಡಲಿಗೆ ಇಳಿಸಬೇಕೋ ಬೇಡವೋ ಎಂಬುದು ಆ ಕೆಲವು ಗಂಟೆಗಳ ಮೇಲೆ ನಿಂತಿತ್ತು.

ಮುಂದಿನ ಸಂಶೋಧನೆಗಳು ಒಂದರ ಹಿಂದೆ ಒಂದು ಬಂದವು. ಶೀತ ಮುಂಚೂಣಿ ಹೆಚ್ಚು ವೇಗದ್ದು; ಅದು ಉಷ್ಣ ಮುಂಚೂಣಿಯನ್ನು ಹಿಂದಿನಿಂದ ಹಿಡಿದಾಗ ನಡುವಿನ ಬೆಚ್ಚನೆಯ ಗಾಳಿ ನೆಲ ಬಿಟ್ಟು ಮೇಲಕ್ಕೆ ಹೋಗುತ್ತದೆ, ಸುಳಿಗೆ ಮುಪ್ಪು ಆರಂಭವಾಗುತ್ತದೆ. ಇದನ್ನು 1919ರಲ್ಲಿ ಗುರುತಿಸಿದವರು ಸ್ವೀಡನ್ನಿನ ತರುಣ ಟೋರ್ ಬರ್ಗೆರಾನ್. ಒಂದೇ ಧ್ರುವ ಮುಂಚೂಣಿಯ ಗುಂಟ ಸುಳಿಗಳು ಅಲೆಗಳಂತೆ ಒಂದರ ಹಿಂದೊಂದು ಹುಟ್ಟಿ ಬರುತ್ತವೆಂದು ಸೊಲ್‌ಬರ್ಗ್ ತೋರಿಸಿದರು. ಬಿರುಗಾಳಿಗೂ ಹುಟ್ಟು, ಹರೆಯ, ಮುಪ್ಪು, ಸಾವು ಇದೆಯೆಂದು ವಿವರಿಸುವ ಯಾಕೋಬ್ ಮತ್ತು ಸೊಲ್‌ಬರ್ಗ್ ಅವರ ಪ್ರಬಂಧ 1922ರಲ್ಲಿ ಬಂತು. ಶೀತ ಮುಂಚೂಣಿಗೆ ತ್ರಿಕೋನಗಳಿರುವ ನೀಲಿ ಗೆರೆ, ಉಷ್ಣ ಮುಂಚೂಣಿಗೆ ಅರ್ಧವೃತ್ತಗಳಿರುವ ಕೆಂಪು ಗೆರೆ. ಇಂದು ಜಗತ್ತಿನ ಹವಾಮಾನ ನಕ್ಷೆಗಳಲ್ಲಿ ಕಾಣುವ ಈ ಗೆರೆಗಳ ಮೂಲ ಬರ್ಗೆನ್.

ಬಿಟ್ಟುಹೋಗಿದ್ದ ಲೆಕ್ಕ

ಏಳು ಸಮೀಕರಣಗಳ ಕನಸು ಏನಾಯಿತು? ಇಂಗ್ಲೆಂಡಿನ ಲೂಯಿ ಫ್ರೈ ರಿಚರ್ಡ್‌ಸನ್ ಎಂಬ ವಿಜ್ಞಾನಿ ಮಹಾಯುದ್ಧದಲ್ಲಿ ಗಾಯಾಳುಗಳ ವಾಹನ ನಡೆಸುತ್ತ, ಬಿಡುವಿನಲ್ಲಿ ಆ ಲೆಕ್ಕವನ್ನು ಕೈಯಿಂದಲೇ ಮಾಡಿ ನೋಡಿದರು. ಅವರು ಬಳಸಿದ್ದು 1910ರ ಮೇ 20ರ ಯುರೋಪಿನ ಅಂಕಿಗಳನ್ನು. ಅವು ಬ್ಯರ್ಕ್ನೆಸ್ ಅವರ ಲೈಪ್‌ಜಿಗ್ ನಕ್ಷೆಗಳಿಂದ ಬಂದವು. ಆರು ಗಂಟೆಗಳಲ್ಲಿ ಒತ್ತಡ 145 ಹೆಕ್ಟೊಪಾಸ್ಕಲ್ ಏರಬೇಕೆಂದು ಉತ್ತರ ಬಂತು. ನಿಜವಾಗಿ ಆ ದಿನ ಒತ್ತಡ ಹೆಚ್ಚುಕಡಿಮೆ ಇದ್ದಲ್ಲೇ ಇತ್ತು. ರಿಚರ್ಡ್‌ಸನ್ ಆ ತಪ್ಪು ಉತ್ತರವನ್ನು ಮುಚ್ಚಿಡದೆ 1922ರಲ್ಲಿ ಪುಸ್ತಕದಲ್ಲಿ ಪ್ರಕಟಿಸಿದರು. ದಾರಿ ಸರಿಯಿದೆ, ಅದನ್ನು ನಡೆಯುವ ಸಾಧನ ಇನ್ನೂ ಬಂದಿಲ್ಲ ಎಂಬುದು ಮುಂದಿನವರಿಗೆ ಆ ಪುಸ್ತಕದಿಂದ ತಿಳಿಯಿತು.

1926ರಲ್ಲಿ ಬ್ಯರ್ಕ್ನೆಸ್ ಓಸ್ಲೊ ವಿಶ್ವವಿದ್ಯಾಲಯಕ್ಕೆ ಬಂದರು, 1932ರಲ್ಲಿ ನಿವೃತ್ತರಾದರು. 1933ರಲ್ಲಿ ಯಾಕೋಬ್, ಸೊಲ್‌ಬರ್ಗ್, ಬರ್ಗೆರಾನ್ ಜೊತೆ ಸೇರಿ ಬರೆದ ದೊಡ್ಡ ಗ್ರಂಥ ಹೊರಬಂತು. ನೊಬೆಲ್ ಪ್ರಶಸ್ತಿಗೆ ಅವರ ಹೆಸರು ಮತ್ತೆ ಮತ್ತೆ ಸೂಚಿತವಾದರೂ ಪ್ರಶಸ್ತಿ ಬರಲಿಲ್ಲ. ಬರ್ಗೆನ್ನಿನಲ್ಲಿ ಕಲಿತವರು ಮಾತ್ರ ಲೋಕದ ತುಂಬ ಹರಡಿದರು. ಕಾರ್ಲ್ ಗುಸ್ತಾಫ್ ರಾಸ್‌ಬಿ ಅಮೆರಿಕದಲ್ಲಿ ಹವಾಮಾನ ಶಾಸ್ತ್ರದ ಶಿಕ್ಷಣ ಕಟ್ಟಿದರು. 1944ರ ಜೂನ್ 5ರಂದು ನಾರ್ಮಂಡಿಯ ದಂಡಯಾತ್ರೆ ಹೊರಡಬೇಕಿದ್ದಾಗ, ಅಂದು ಕಡಲು ಕೆಡುತ್ತದೆಂದು ಎಚ್ಚರಿಸಿದವರಲ್ಲಿ ಬರ್ಗೆನ್ ಪರಂಪರೆಯ ಸ್ವೆರ್ರೆ ಪೆಟ್ಟರ್‌ಸೆನ್ ಒಬ್ಬರು. ದಂಡಯಾತ್ರೆ ಒಂದು ದಿನ ಮುಂದಕ್ಕೆ ಹೋಯಿತು.

1950ರಲ್ಲಿ ಅಮೆರಿಕದ ಎನಿಯಾಕ್ ಎಂಬ ಕಂಪ್ಯೂಟರಿನಲ್ಲಿ, ಸರಳಗೊಳಿಸಿದ ಸಮೀಕರಣದಿಂದ, ಮೊದಲ ಬಾರಿಗೆ ಹವಾಮಾನದ ಲೆಕ್ಕ ಹಾಕಿದರು. 24 ಗಂಟೆಗಳ ಮುನ್ಸೂಚನೆಯ ಲೆಕ್ಕಕ್ಕೆ ಸುಮಾರು 24 ಗಂಟೆಯೇ ಹಿಡಿಯಿತು. ಆದರೆ ಉತ್ತರ ನಂಬುವಂತಿತ್ತು. ಆ ತಂಡದ ಮೂವರು ಪ್ರಮುಖರಲ್ಲಿ ಚಾರ್ನಿ, ಫಾನ್ ನಾಯ್ಮನ್ ಜೊತೆಗೆ ನಾರ್ವೆಯ ರಾಗ್ನಾರ್ ಫ್ಯೋರ್‌ಟೋಫ್ಟ್ ಇದ್ದರು. 1904ರಲ್ಲಿ ಹಾಕಿದ ಗುರಿಯತ್ತ ಮೊದಲ ನಿಜವಾದ ಹೆಜ್ಜೆ 46 ವರ್ಷಗಳ ಮೇಲೆ ಬಿತ್ತು. ಮರುವರ್ಷ, 1951ರ ಏಪ್ರಿಲ್ 9ರಂದು, 89ನೆಯ ವಯಸ್ಸಿನಲ್ಲಿ ಬ್ಯರ್ಕ್ನೆಸ್ ಓಸ್ಲೊದಲ್ಲಿ ತೀರಿಕೊಂಡರು.

ನಮಗೂ ಅವರಿಗೂ ಏನು ಸಂಬಂಧ?

ಮುಂಚೂಣಿಗಳು ಮುಖ್ಯವಾಗಿ ಸಮಶೀತೋಷ್ಣ ವಲಯದ ಸಂಗತಿ. ಉತ್ತರ ಭಾರತಕ್ಕೆ ಚಳಿಗಾಲದಲ್ಲಿ ಬರುವ ಪಶ್ಚಿಮದ ಕ್ಷೋಭೆಗಳು ಇದೇ ಕುಲದವು. ಹಿಮಾಲಯಕ್ಕೆ ಹಿಮ, ಪಂಜಾಬಿನ ಗೋಧಿಗೆ ಮಳೆ ಅವುಗಳಿಂದ. ನಮ್ಮ ಕರ್ನಾಟಕದಲ್ಲಿ ಅಂಥ ಮುಂಚೂಣಿ ಕಾಣುವುದಿಲ್ಲ, ಏಕೆಂದರೆ ಇಲ್ಲಿ ಎದುರಾಗುವ ಗಾಳಿಗಳ ಉಷ್ಣಾಂಶದಲ್ಲಿ ಅಷ್ಟು ಅಂತರವಿಲ್ಲ. ಆದರೆ ತೇವದಲ್ಲಿ ಅಂತರವಿದೆ. ಏಪ್ರಿಲ್, ಮೇ ತಿಂಗಳಲ್ಲಿ ಕಡಲ ಕಡೆಯ ತೇವದ ಗಾಳಿ ಒಳನಾಡಿನ ಒಣ ಗಾಳಿಯನ್ನು ಸಂಧಿಸುವಲ್ಲಿ ಗುಡುಗು ಮಳೆಗೆ ಅನುಕೂಲವಾಗುತ್ತದೆ. ಎಲ್ಲಿಂದ ಬಂದ ಗಾಳಿ, ಅದರ ಗುಣವೇನು, ಅದು ಯಾವುದನ್ನು ಸಂಧಿಸುತ್ತದೆ ಎಂಬ ಬರ್ಗೆನ್ನಿನ ಪ್ರಶ್ನೆಗಳು ಇಲ್ಲಿಯೂ ಉಪಯೋಗಕ್ಕೆ ಬರುತ್ತವೆ.

ಇದಕ್ಕಿಂತ ಹತ್ತಿರದ ನಂಟು ಮಗ ಯಾಕೋಬ್ ಮೂಲಕ ಬಂತು. ಅಮೆರಿಕದಲ್ಲಿ ನೆಲೆಸಿದ ಯಾಕೋಬ್ 1960ರ ದಶಕದಲ್ಲಿ ಪೆಸಿಫಿಕ್ ಸಾಗರದ ಎಲ್ ನಿನೊ ಬಗ್ಗೆ ಅಧ್ಯಯನ ಮಾಡಿದರು. ಅದಕ್ಕೂ ಹಿಂದೆ, ಮುಂಗಾರು ಏಕೆ ಕೈಕೊಡುತ್ತದೆಂದು ತಿಳಿಯಲು ಭಾರತದ ಹವಾಮಾನ ಇಲಾಖೆಯ ಮುಖ್ಯಸ್ಥರಾಗಿದ್ದ ಸರ್ ಗಿಲ್ಬರ್ಟ್ ವಾಕರ್ ಶ್ರಮಿಸಿದ್ದರು. ಹಿಂದೂ ಮಹಾಸಾಗರ ಮತ್ತು ಪೆಸಿಫಿಕ್ ಸಾಗರಗಳ ನಡುವೆ ವಾಯುಭಾರ ತಕ್ಕಡಿಯಂತೆ ಏರಿಳಿಯುತ್ತದೆಂದು ಅವರು ಕಂಡುಕೊಂಡಿದ್ದರು. ಪೆಸಿಫಿಕ್ ನೀರು ಬಿಸಿಯಾಗುವುದಕ್ಕೂ ಆ ತಕ್ಕಡಿಗೂ ಇರುವ ಸಂಬಂಧವನ್ನು ಯಾಕೋಬ್ ಬಿಡಿಸಿ ತೋರಿಸಿ, 1969ರಲ್ಲಿ ಆ ಗಾಳಿಯ ಸುತ್ತಿಗೆ ವಾಕರ್ ಅವರ ಹೆಸರನ್ನೇ ಇಟ್ಟರು. ಎಲ್ ನಿನೊ ವರ್ಷಗಳಲ್ಲಿ ನಮ್ಮ ಮುಂಗಾರು ಅನೇಕ ಸಲ ದುರ್ಬಲವಾಗುತ್ತದೆ. ಬಿತ್ತನೆಗೆ ಮುಂಚೆ ರೈತರು ಕೇಳುವ ಆ ಸುದ್ದಿಯಲ್ಲಿ ಬ್ಯರ್ಕ್ನೆಸ್ ಮನೆತನದ ಪಾಲೂ ಇದೆ.

ಅಜ್ಜ ನೀರಿನಲ್ಲಿ ಗೋಳಗಳನ್ನು ಆಡಿಸಿದರು, ಮಗ ಅದನ್ನು ಗಾಳಿಗೆ ತಂದರು, ಮೊಮ್ಮಗ ಗಾಳಿಯನ್ನೂ ಕಡಲನ್ನೂ ಒಂದುಗೂಡಿಸಿದರು. ನಡುವಿನ ವಿಲ್ಹೆಲ್ಮ್ ಕಿರಿಯರನ್ನು ನಂಬಿದರು, ಅವರು ಕಂಡದ್ದನ್ನು ಅವರ ಹೆಸರಿನಲ್ಲೇ ಪ್ರಕಟಿಸಲು ಬಿಟ್ಟರು. ಮೀನುಗಾರ ನೋಡಿದ ಮೋಡಕ್ಕೂ ಬೆಲೆ ಕೊಟ್ಟರು. ಶಿಕ್ಷಕರಾದ ನಾವು ಅವರಿಂದ ಕಲಿಯಬೇಕಾದದ್ದು ಇದನ್ನು.

ವಿದ್ಯಾರ್ಥಿಗಳಿಗೆ ನನ್ನದೊಂದು ಸಲಹೆ. ಈ ಸುವರ್ಣ ಮಹೋತ್ಸವದ ವರ್ಷದಲ್ಲಿ ಶಾಲೆಯ ಅಂಗಳದಲ್ಲಿ ಒಂದು ಮಳೆಮಾಪಕ ಮತ್ತು ಒಂದು ಗಾಳಿಸೂಚಿ ನಿಲ್ಲಿಸಿ. ಪ್ರತಿದಿನ ಬೆಳಗಿನ ಪ್ರಾರ್ಥನೆಗೆ ಮೊದಲು ಮಳೆಯ ಪ್ರಮಾಣ, ಗಾಳಿಯ ದಿಕ್ಕು, ಮೋಡದ ಬಗೆ, ಉಷ್ಣಾಂಶ ಇಷ್ಟನ್ನು ಒಂದು ದಪ್ಪ ಪುಸ್ತಕದಲ್ಲಿ ಬರೆಯಿರಿ. ರಜೆಯಲ್ಲಿ ಶಾಲೆಯ ಹತ್ತಿರದ ಮನೆಯವರು ಬರೆಯಲಿ. ಒಂದು ವರ್ಷದ ಪುಟಗಳಿಂದ ಹೆಚ್ಚೇನೂ ತಿಳಿಯದಿರಬಹುದು. ಶಾಲೆಗೆ 100 ತುಂಬುವ ಹೊತ್ತಿಗೆ ಆ ಪುಸ್ತಕದಲ್ಲಿ ನಮ್ಮೂರಿನ 50 ವರ್ಷಗಳ ಮಳೆಯ ಲೆಕ್ಕ ಇರುತ್ತದೆ.